ಕಂಪ್ರೆಸರ್ ಟಾಕಿ ಬುಡದ ಡ್ರೇನ್ ವಾಲ್ವ್ ಮುರದೈತಿ: ಒಳಗಿನ ತುಂಡ ತಗಿಯೂದು ಹ್ಯಾಂಗ, ಹೊಸಾದು ಯಾವ್ದು ಹಾಕೂದು?

ಜಮಖಂಡಿ_ಸ್ಪ್ರೇ

ನಮಸ್ಕಾರ್ರಿ ಎಲ್ಲಾರಿಗೂ. 50 ಲೀಟರ್ ಟಾಕಿ, 2 ಎಚ್‌ಪಿ ಮೋಟರ್, ಎಣ್ಣಿ ಹಾಕೂ ಡೈರೆಕ್ಟ್ ಮಿಷನ್. 8 ಬಾರ್‌ಗೆ ಬಂದ್ ಆಗತೈತಿ, 6ಕ್ಕ ಮತ್ತ ಚಾಲೂ. ಟಾಕಿ ಬುಡದಾಗ ಹಿತ್ತಾಳಿ ಡ್ರೇನ್ ವಾಲ್ವ್ (ತಳದ ನೀರು ಬಿಡೂದು) ಐತಿ, ಎರಡ ಕಿವಿ ಹಿಡಿಕಿದು. ಮಿಷನ್ ಎಳಿಯೂವಾಗ ಹೊಸ್ತಲಕ್ಕ ಬಡದು ಹಿಡಿಕಿ ಮುರದೈತಿ, ವಾಲ್ವಿನ ಮೈ ಸ್ವಲ್ಪ ವಾರಿ ಆಗೈತಿ. ಈಗ ಒಂದೇ ಸವನ ಸುಂಯ್ ಅಂತ ಹವಾ ಹೋಗತೈತಿ. ಏನೂ ಕೆಲಸ ಮಾಡದಿದ್ರೂ 12 ನಿಮಿಷಕ್ಕೊಮ್ಮೆ ಮೋಟರ್ ಚಾಲೂ ಆಗತೈತಿ. ಕೇಳೂದು ಮೂರು: ಮುರದ ತುಂಡ ತಗಿಯೂದು ಹ್ಯಾಂಗ, ಅದ ಜಾಗಾಕ್ಕ ಯಾವ ವಾಲ್ವ್ ಹಾಕೂದು, ತಗಿಯೂ ತನಕ ಹಿಂಗ ನಡಸಿದ್ರ ನಡೀತೈತೇನು?

ಉದ್ಯಮಬಾಗ_ಟರ್ನರ್

ಕಡೀ ಪ್ರಶ್ನೆಗೆ ಮೊದ್ಲ ಉತ್ತರ: ನಡಸಬ್ಯಾಡ್ರಿ. ಹವಾ ಹೋಗತೈತಿ ಅಂತ ಅಲ್ಲ. ಮೈ ವಾರಿ ಆಗೈತಿ ಅಂದ್ರಿ. ಹಿತ್ತಾಳಿ ಒಮ್ಮೆ ಬಾಗಿದ್ರ ಥ್ರೆಡ್ಡಿನ ಬುಡಕ್ಕ ಸೀಳು ಬಿದ್ದಿರಬಹುದು. ಅಲ್ಲೇ ಪೂರಾ ಮುರದ್ರ ತುಂಡ ಗುಂಡಿನಂಗ ಹೊರಗ ಬರತೈತಿ. ಕಾಲ ಇಂಚಿನ ಥ್ರೆಡ್ಡಿನ ತೂತಿನ ಮ್ಯಾಲ (ಅದರ ಖರೆ ವ್ಯಾಸ ಸುಮಾರು 13 ಎಂಎಂ) 8 ಬಾರ್ ಅಂದ್ರ ಸುಮಾರು 11 ಕೆಜಿ ಒತ್ತು ಬೀಳತೈತಿ. ಒತ್ತು ಸಣ್ಣದ ಅನಸಬಹುದು, ಖರೆ ಆ ತುಂಡಿನ ತೂಕ 20 ಗ್ರಾಮೂ ಇರೂದಿಲ್ಲ.

ಈಗ ಮಾಡೂದು ಹಿಂಗ. ಪ್ಲಗ್ ಕಿತ್ತು ಕೈಯಾಗ ಹಿಡ್ಕೊಳ್ರಿ. ಪ್ರೆಶರ್ ಸ್ವಿಚ್ ಗುಂಡಿ ಒತ್ತಿ ಬಂದ್ ಮಾಡಿದ್ರ ಸಾಲೂದಿಲ್ಲ. ಹವಾ ಡ್ರೇನ್ ಕಡೆಯಿಂದ ಬಿಡಬ್ಯಾಡ್ರಿ, ಸೇಫ್ಟಿ ವಾಲ್ವಿನ ರಿಂಗ್ ಎಳದು ಬಿಡ್ರಿ, ಇಲ್ಲಾ ಬ್ಲೋ ಗನ್ ಹಚ್ಚಿ ಖಾಲಿ ಮಾಡ್ರಿ. ಗೇಜ್ ಸೊನ್ನೆ ತೋರಿಸಿದ ಮ್ಯಾಲೂ ಸೇಫ್ಟಿ ರಿಂಗ್ ಎಳದ ಹಿಡ್ಕೊಂಡು ಒಂದ ನಿಮಿಷ ಕಿವಿ ಕೊಟ್ಟು ಕೇಳ್ರಿ. ಗೇಜಿನ ಮುಳ್ಳು ಅಂಟಿಕೊಂಡು ಸುಳ್ಳು ಹೇಳೂದು ಭಾಳ ಐತಿ.

ಆಮ್ಯಾಲ ಎರಡ ಫೋಟೋ ಹಾಕ್ರಿ: ಒಂದು ಕೆಳಗಿನಿಂದ ನೇರಾ, ಇನ್ನೊಂದು ಬಾಜೂಲಿಂದ. ಟಾಕಿಗೆ ವೆಲ್ಡ್ ಮಾಡಿದ ಉಕ್ಕಿನ ಬುಶ್ ಇರತೈತಲ್ಲ, ಅದರ ಹೊರಗಿನ ವ್ಯಾಸಾನೂ ಅಳೀರಿ.

ಖಾನಾಪುರ_ಮಳಿ

ಹವಾ ಬಿಡೂ ಮೊದ್ಲ ಒಂದ ಕೆಲಸ ಮಾಡಬಹುದಿತ್ತು. ಟರ್ನರ್ ಅಣ್ಣಾರ ಹೇಳಿದಂಗ 8 ಬಾರ್‌ನಾಗ ಬ್ಯಾಡ. 1 ಬಾರ್‌ಗೆ ಇಳಿಸಿ, ದೂರ ಕುಂತು, ಕಣ್ಣಿಗೆ ಗಾಗಲ್ ಹಾಕ್ಕೊಂಡು ಬ್ರಶ್‌ಲೆ ಸಾಬಾಣ ನೀರು ಹಚ್ಚಿ ನೋಡ್ರಿ. ಗುಳ್ಳಿ ಎಲ್ಲಿಂದ ಬರತಾವ ಅನ್ನೂದರ ಮ್ಯಾಲ ರಿಪೇರಿ ಐತಿ. ವಾಲ್ವಿನ ನಡು ತೂತಿಂದ ಬಂದ್ರ ಸೀಟ್ (ವಾಲ್ವ್ ಕುಂತು ಮುಚ್ಚೂ ಜಾಗಾ) ಹೋಗೈತಿ. ವಾಲ್ವ್ ಮತ್ತ ಬುಶ್ ಕೂಡೂ ಸಂದಿಯಿಂದ ಬಂದ್ರ ಥ್ರೆಡ್. ಬುಶ್ ಮತ್ತ ಟಾಕಿ ಕೂಡೂ ವೆಲ್ಡಿನ ಗೆರಿಯಿಂದ ಬಂದ್ರ ಅಲ್ಲಿಗೆ ನಿಂದರ್ರಿ, ಅದು ವಾಲ್ವಿನ ಮಾತಲ್ಲ, ಟಾಕಿ ಮುಗದೈತಿ.

ಸೋರಿಕೆ ಲೆಕ್ಕಾನೂ ಹಾಕಬಹುದು. 50 ಲೀಟರ್ ಟಾಕಿ 8 ರಿಂದ 6ಕ್ಕ ಇಳೀತು ಅಂದ್ರ 100 ಲೀಟರ್ ಹವಾ ಹೋತು. 12 ನಿಮಿಷಕ್ಕ 100 ಅಂದ್ರ ನಿಮಿಷಕ್ಕ 8 ಲೀಟರ್ ಚಿಲ್ಲರೆ. 1 ಎಂಎಂ ತೂತಿದ್ರ 7 ಬಾರ್‌ನಾಗ ನಿಮಿಷಕ್ಕ ಸುಮಾರು 70 ಲೀಟರ್ ಹೋಗತೈತಿ. ನಿಮ್ಮದು ಅದರ ಎಂಟನೇ ಪಾಲು, ಅಂದ್ರ ಕೂದಲಷ್ಟ ಸಂದಿ. ಸೀಟಿನಾಗ ಜಂಗಿನ ಕಣ ಸಿಕ್ಕಿದ್ರೂ ಇಷ್ಟ ಹೋಗತೈತಿ.

ಮೋಟರ್ ಬಂದ್ ಇದ್ದಾಗ ಪ್ರೆಶರ್ ಸ್ವಿಚ್ಚಿನ ಕೆಳಗೂ ಸುಂಯ್ ಅಂತೈತೇನು ಅಂತ ಕೇಳ್ರಿ. ಬಂದ್ ಆದ ಕೂಡ್ಲೆ ಎರಡ ಸೆಕೆಂಡ್ ಪಸ್ ಅಂದು ನಿಂತ್ರ ಅದು ಸರಿ. ನಿಲ್ಲದ ಬರತಿದ್ರ ನಾನ್ ರಿಟರ್ನ್ ವಾಲ್ವ್ (ಟಾಕಿ ಹವಾ ವಾಪಸ್ ಹೋಗದಂಗ ತಡಿಯೂದು) ಹವಾ ಹಿಂದಕ್ಕ ಬಿಡಾಕತ್ತೈತಿ. ಡ್ರೇನ್ ಬದಲಿ ಮಾಡಿದ್ರೂ ಮೋಟರ್ ಹಂಗ ಚಾಲೂ ಆಗತಿರತೈತಿ.

ಜಮಖಂಡಿ_ಸ್ಪ್ರೇ

ಸ್ವಿಚ್ ಕೆಳಗ ಏನೂ ಇಲ್ಲ. 1 ಬಾರ್‌ನಾಗ ನೋಡಿದೆ: ನಡು ತೂತಿಂದ ಸಣ್ಣ ಗುಳ್ಳಿ, ಸಂದಿಯಿಂದ ಒಂದ ಬಾಜೂ ದೊಡ್ಡ ಗುಳ್ಳಿ. ವೆಲ್ಡ್ ಒಣಗೈತಿ. ಪೂರಾ ಖಾಲಿ ಮಾಡಿ ಪಾನಾ ಹಚ್ಚಿದೆ. ಷಟ್ಕೋನದ ತಲಿ ಅರ್ಧಾ ಸುತ್ತು ತಿರಗತಂದ್ರ ತಟ್ಟಂತ ಕಡದ ಬಂತು. ಬುಶ್ ಒಳಗ ಥ್ರೆಡ್ ತುಂಡ ಉಳದೈತಿ, ಹೊರಗ 2 ಎಂಎಂ ಕಾಣತೈತಿ. ಕಡದ ಮುಖ ಹಳದಿ ಇಲ್ಲ, ತಾಮ್ರದಂಗ ಕೆಂಪಗೈತಿ. ಬುಶ್ ಹೊರ ವ್ಯಾಸ 25 ಎಂಎಂ. ಫೋಟೋ ಹಾಕೀನಿ.

ನವನಗರ_ಡ್ರಾಯಿಂಗ್

ಆ ಕೆಂಪು ಬಣ್ಣವೇ ಕಾರಣ ಹೇಳುತ್ತಿದೆ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಟಾಕಿಯ ತಳದ ನೀರು ಸದಾ ತಾಗುತ್ತಿದ್ದರೆ ಸತು ನಿಧಾನವಾಗಿ ಕರಗಿ ಹೋಗಿ, ತೂತು ತೂತಾದ ತಾಮ್ರ ಮಾತ್ರ ಉಳಿಯುತ್ತದೆ. ನೋಡಲು ಗಟ್ಟಿ, ತಿರುಗಿಸಿದರೆ ಬಿಸ್ಕತ್ತು. ಹೊಸ್ತಿಲಿಗೆ ಬಡಿದದ್ದು ನೆಪ. ಈ ವಾಲ್ವ್ ಮೊದಲೇ ಸೋತಿತ್ತು. ಹೀಗಾದ ತುಂಡಿಗೆ ಬಲ ಹಾಕಿದಷ್ಟೂ ಪುಡಿಯಾಗುತ್ತದೆ, ಆದ್ದರಿಂದ ತಿರುಗಿಸಿ ತೆಗೆಯುವ ಆಸೆ ಬಿಟ್ಟು ಕೊಯ್ದು ತೆಗೆಯುವುದು ವಾಸಿ. ಅದರ ಕ್ರಮವನ್ನು ಟರ್ನರ್ ಅವರೇ ಬರೆಯಲಿ.

ಇಳಕಲ್ಲ_ಪಾಲಿಶ್

ಕೊಯ್ಯೂದು ಯಾಕ್ರಿ, ಸ್ಕ್ರೂ ಎಕ್ಸ್‌ಟ್ರಾಕ್ಟರ್ ಬಡದು ಉಲ್ಟಾ ತಿರಗಿಸಿದ್ರ ಬರತೈತಿ. ಬರಲಿಲ್ಲಂದ್ರ ಬುಶ್‌ಗೆ ಗ್ಯಾಸ್ ಬತ್ತಿ ಹಿಡದು ಕೆಂಪ ಮಾಡಿ ತಿರಗಿಸ್ರಿ. ಗ್ರಾನೈಟ್ ಪಾಲಿಶ್ ಮಾಡೂ ಕಡೆ ಎಲ್ಲಾ ಹಿಂಗ ಮಾಡತಾರ.

ಉದ್ಯಮಬಾಗ_ಟರ್ನರ್

ಇಳಕಲ್ಲಿನ ಅಣ್ಣಾರ, ಬತ್ತಿ ಮಾತ್ರ ಬ್ಯಾಡ್ರಿ. ಎಣ್ಣಿ ಮಿಷನ್ ಟಾಕಿ ಒಳಗ ಎಣ್ಣಿ ಪಸೆ, ಎಣ್ಣಿ ಆವಿ ಕುಂತಿರತೈತಿ. ಅದರಾಗ ಹವಾನೂ ಐತಿ. ಬೆಂಕಿ ತೋರಿಸೂ ಜಾಗಾ ಅಲ್ಲ ಅದು. ಇನ್ನೊಂದು, ಬುಶ್ ಕೆಂಪಗಾದ್ರ ಬಾಜೂಕಿನ ವೆಲ್ಡು, 2-3 ಎಂಎಂ ತಗಡು ಎರಡೂ ಕಾಯತಾವ. ಆಮ್ಯಾಲ ಅದರ ಬಲ ಎಷ್ಟು ಉಳದೈತಿ ಅಂತ ಕಣ್ಣಿಲೆ ಹೇಳಾಕ ಬರೂದಿಲ್ಲ. ಬಿಸಿ ಬೇಕಂದ್ರ ಕುದಿಯೂ ನೀರಾಗ ಅರಿವಿ ಅದ್ದಿ ಬುಶ್‌ಗೆ ಸುತ್ರಿ, ಇಲ್ಲಾ ಹೀಟ್ ಗನ್ ಹಿಡೀರಿ, ಅಷ್ಟ ಸಾಕು.

ಎಕ್ಸ್‌ಟ್ರಾಕ್ಟರ್ ವಿಷಯದಾಗ ನಿಮ್ಮ ಮಾತು ಉಕ್ಕಿನ ಬೋಲ್ಟಿಗೆ ಖರೆ. ಇಲ್ಲಿ ಉಳದಿದ್ದು ನಡುವ ತೂತಿರೂ ತೆಳು ಹಿತ್ತಾಳಿ ಕೊಳವಿ. ಸುರುಳಿ ಎಕ್ಸ್‌ಟ್ರಾಕ್ಟರ್ ಮೊನಿಗೆ ಹೋದಂಗ ಸಣ್ಣ ಇರತೈತಿ, ಒಳಗ ಹೋದಷ್ಟೂ ಕೊಳವಿ ಹಿಗ್ಗತೈತಿ, ಹಿಗ್ಗಿದ್ರ ಬುಶ್ಶಿನ ಥ್ರೆಡ್ಡಿಗೆ ಇನ್ನೂ ಬಿಗಿ ಕೂಡತೈತಿ. ನಾಕ ಅಂಚಿನ ನೇರ ಎಕ್ಸ್‌ಟ್ರಾಕ್ಟರ್ ಇದ್ರ ಹಗೂರಕ ಒಮ್ಮೆ ನೋಡಬಹುದು. ಜಾರಿದ್ರ ಬಿಟ್ಟಬಿಡ್ರಿ. ಒಳಗ ಎಕ್ಸ್‌ಟ್ರಾಕ್ಟರ್ ಮುರದ್ರ ಅದನ್ನ ಡ್ರಿಲ್ಲೂ ಕೊರಿಯೂದಿಲ್ಲ.

ಜಮಖಂಡಿಯವ್ರ, ನೀವು ಮಾಡೂದು ಇದು.

ಮಿಷನ್ ಬೋರಲ ಹಾಕಬ್ಯಾಡ್ರಿ. ಕ್ರ್ಯಾಂಕ್ ಕೇಸಿನ ಎಣ್ಣಿ ಬ್ರೀದರ್ ದಾರಿಲೆ ಹೊರಗ ಬರತೈತಿ, ಸಿಲಿಂಡರಿಗೂ ಹೋಗತೈತಿ. ಎರಡ ಗಟ್ಟಿ ಸ್ಟೂಲ್ ಇಲ್ಲಾ ಇಟ್ಟಂಗಿ ಪೇರಿಸಿ ಅದರ ಮ್ಯಾಲ ಮಿಷನ್ ನೆಟ್ಟಗ ಇಟ್ಟು, ಗಾಲಿ ಕಟ್ಟಿ, ನೀವು ಕೆಳಗಿನಿಂದ ಕೆಲಸಾ ಮಾಡ್ರಿ. ಬಾಯಿ ಕೆಳಮುಖ ಇದ್ರ ಕೊರದ ಪುಡಿ ಟಾಕಿ ಒಳಗ ಹೋಗೂದಿಲ್ಲ, ತಾನಾಗೇ ಕೆಳಗ ಉದರತೈತಿ. ಮಾರಿ ನೇರ ಕೆಳಗ ಹಿಡೀಬ್ಯಾಡ್ರಿ, ಗಾಗಲ್ ಬೇಕ ಬೇಕು.

ಹಿಂದಿನ ರಾತ್ರಿ ತುಂಡಿನ ಅಂಚಿಗೆ ಜಂಗು ಬಿಡಿಸೂ ಸ್ಪ್ರೇ ಹೊಡೀರಿ, ಇಲ್ಲಾ ಚಿಮಣಿ ಎಣ್ಣಿಯಾಗ ಅದ್ದಿದ ಹತ್ತಿ ಒತ್ತಿ ಇಡ್ರಿ. ಮುಂಜಾನೆ ಬುಶ್ಶಿನ ಸುತ್ತ ಸಣ್ಣ ಸುತ್ತಿಗಿಲೆ ಹಗೂರಕ ನಾಕೆಂಟ ಸಲ ಬಡೀರಿ. ಆಮ್ಯಾಲ ಹ್ಯಾಕ್ಸಾ ಬ್ಲೇಡಿನ ಮುರದ ತುಂಡಿಗೆ ಒಂದ ತುದಿ ಅರಿವಿ ಸುತ್ತಿ ಹಿಡಿಕಿ ಮಾಡ್ಕೊಳ್ರಿ, ಹಲ್ಲು ಎಳಿಯೂ ಕಡೆ ಇರಲಿ. ತುಂಡಿನ ನಡು ತೂತಿಗೆ ಹಾಕಿ ಒಳಗಿನಿಂದ ಹೊರಕ್ಕ ಒಂದ ಗೆರಿ ಕೊಯ್ರಿ. ತೂತು ಸಣ್ಣದಿದ್ರ ಮೊದ್ಲ 7 ಎಂಎಂ, ಆಮ್ಯಾಲ 9 ಎಂಎಂ ಡ್ರಿಲ್ ಹಾಕಿ ದೊಡ್ಡದ ಮಾಡ್ರಿ. ಹಿತ್ತಾಳಿ ಡ್ರಿಲ್ಲನ್ನ ಕಚ್ಚಿ ಎಳಕೊಳ್ಳತೈತಿ, ಅದಕ್ಕ ಕಡಿಮಿ ಸ್ಪೀಡ್, ಎರಡೂ ಕೈ.

ಈಗ ಕಣ್ಣಿಟ್ಟು ನೋಡೂ ಜಾಗಾ. ಕೆಳಗ ಬಿಳೇ ಕಾಗದಾ ಹಾಸ್ರಿ. ಬೀಳೂ ಪುಡಿ ಹಳದಿ, ಕೆಂಪು ಇರೂ ತನಕ ಕೊಯ್ರಿ. ಹಳದಿ ಒಳಗ ಬೂದು ಬಣ್ಣದ ಪುಡಿ ನಾಕ ಕಣ ಕಂಡಕೂಡ್ಲೆ ನಿಲ್ಲಸ್ರಿ. ಅಂದ್ರ ಬ್ಲೇಡ್ ಬುಶ್ಶಿನ ಉಕ್ಕಿನ ಥ್ರೆಡ್ ತುದಿ ಮುಟ್ಟೈತಿ. ಅನುಮಾನ ಇದ್ರ ಆ ಪುಡಿ ಹತ್ರ ಲೋಹಚುಂಬಕ ತರ್ರಿ. ಉಕ್ಕು ಜಿಗೀತೈತಿ, ಹಿತ್ತಾಳಿ ಜಿಗಿಯೂದಿಲ್ಲ. ಮೊದಲ್ನೇ ಗೆರಿ ಎದುರಿಗೆ ಇನ್ನೊಂದು ಗೆರಿ ಇದ ರೀತಿ. ಎರಡೂ ಆದ ಮ್ಯಾಲ ಸಣ್ಣ ಚಾಣಾ ಗೆರಿ ಬಾಜೂ ಇಟ್ಟು ಹಿತ್ತಾಳಿಯನ್ನ ನಡು ಕಡೆ ಬಾಗಸ್ರಿ. ಅರ್ಧ ಕೊಳವಿ ಒಳಗ ಮಡಚಿದ ಕೂಡ್ಲೆ ಇಕ್ಕಳದಾಗ ಹಿಡದು ಎಳೀಬಹುದು.

ಗುಮ್ಮಟದ_ಊರು

ಹೊಸಾ ವಾಲ್ವ್ ಯಾವ್ದು ಅಂತ ಕೇಳಿದ್ರಲ್ಲ. ಮತ್ತ ಅದೇ ಕಿವಿ ಹಿಡಿಕಿದು ತರಬ್ಯಾಡ್ರಿ. ಅದರಾಗ ಎರಡ ಜಾತಿ ಅವ. ಒಂದರಾಗ ಮೊನಚಾದ ಸೂಜಿ ಕೆಳಗಿನಿಂದ ಹೋಗಿ ಸೀಟಿಗೆ ಕೂಡ್ತದ. ಇನ್ನೊಂದರಾಗ ರಬ್ಬರ್ ವಾಶರಿನ ತಲಿ ಟಾಕಿ ಒಳಗ ಇರ್ತದ, ಹವಾನೇ ಅದನ್ನ ಒತ್ತಿ ಹಿಡೀತದ. ಸೂಜಿ ಜಾತಿಗೆ ಜಂಗಿನ ಚೂರು ಸಿಕ್ಕು ಜನ ಬಿಗಿ ಮಾಡ್ತಾರ, ಬಿಗಿ ಮಾಡಿದಷ್ಟೂ ಸೂಜಿ ಮೊನಿಗೆ ಉಂಗುರದಂಥ ತಗ್ಗು ಬೀಳ್ತದ, ಆಮ್ಯಾಲ ಎಷ್ಟ ಬಿಗಿದ್ರೂ ನಿಲ್ಲಂಗಿಲ್ಲ. ರಬ್ಬರ್ ಜಾತಿಯೊಳಗ ರಬ್ಬರ್ ಎಣ್ಣಿಗೆ ಉಬ್ಬಿ ಗಟ್ಟಿ ಆಗ್ತದ. ಎರಡೂ ಬಾಗ್ಲಿಕ್ಕೆ ಕೆಳಗ ಜೋತು ಬಿದ್ದಿರ್ತಾವ.

ಬದಲಿ ಇದು ಹಾಕ್ರಿ: ಕಾಲ ಇಂಚಿನ ಹಿತ್ತಾಳಿ ನಿಪ್ಪಲ್ (ಎರಡೂ ತುದಿಗೆ ಥ್ರೆಡ್ ಇರೋ ತುಂಡ ಪೈಪ್) 1, ಕಾಲ ಇಂಚಿನ 90 ಡಿಗ್ರಿ ಎಲ್ಬೋ 1, ಕಾಲ ಇಂಚಿನ ಮಿನಿ ಬಾಲ್ ವಾಲ್ವ್ 1, ಅದರ ಬಾಯಿಗೆ 8 ಎಂಎಂ ಪುಶ್ ಕನೆಕ್ಟರ್ 1, 8 ಎಂಎಂ ಪಿಯು (ಪಾಲಿಯುರೆಥೇನ್ ಪ್ಲಾಸ್ಟಿಕ್) ಪೈಪ್ ಅರ್ಧಾ ಮೀಟರ್. ಎಲ್ಬೋ ತಿರುಗಿ ವಾಲ್ವ್ ಟಾಕಿ ಬಾಜೂಕ ಬರ್ತದ, ನೆಲಕ್ಕ ಜೋತು ಬೀಳಂಗಿಲ್ಲ, ಹೊಸ್ತಿಲಿಗೂ ಬಡಿಯಂಗಿಲ್ಲ. ಕೂತು ಬಾಗಿ ಕೈ ಹಾಕೋದೂ ಇಲ್ಲ, ನಿಂತಲ್ಲೇ ತಗೀಬಹುದು. ವಾಲ್ವಿನ ಮ್ಯಾಲ 16 ಬಾರ್ ಅಂತ ಹೊಯ್ದಿದ್ದು ನೋಡಿ ತೊಗೊಳ್ರಿ.

ಪಿಯು ಪೈಪ್ ವಾಲ್ವಿನ ಆಚೆ ಮಾತ್ರ ಇರಬೇಕು. ಟಾಕಿ ಮತ್ತ ವಾಲ್ವ್ ನಡುವ ಪ್ಲಾಸ್ಟಿಕ್ ಯಾವುದೂ ಬರಬಾರದು. ಮನಿ ನೀರಿನ ಪಿವಿಸಿ, ಸಿಪಿವಿಸಿ ಫಿಟ್ಟಿಂಗ್ ಸಿಕ್ತಾವಂತ ಹಾಕಿದ್ರ ಒಂದ ದಿನ ಚೂರುಚೂರಾಗಿ ಸಿಡೀತಾವ. ನೀರಿಗೆ 10 ಬಾರ್ ಅಂತ ಬರದಿದ್ರ ಅದು ಹವಾಕ್ಕ ಲಾಗೂ ಆಗಂಗಿಲ್ಲ.

ಜಮಖಂಡಿ_ಸ್ಪ್ರೇ

ಕಾಲ ಇಂಚು ಅಂತ ಹ್ಯಾಂಗ ಗೊತ್ತಾಗೂದ್ರೀ? ಅಳದ್ರ 13 ಎಂಎಂ ಬರತೈತಿ. ಅಂಗಡಿಯಾಗ ಅರ್ಧಾ ಇಂಚಿಂದು ಕೊಡಾಕ ಬಂದ್ರು.

ನವನಗರ_ಡ್ರಾಯಿಂಗ್

ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಪೈಪ್ ಥ್ರೆಡ್ಡಿನ ಹೆಸರು ಹಳೆಯ ಕಾಲದ ಪೈಪಿನ ಒಳ ತೂತಿನದು, ಥ್ರೆಡ್ಡಿನ ಅಳತೆ ಅಲ್ಲ. ಬಿಎಸ್‌ಪಿ ಎಂಬ ಬ್ರಿಟಿಷ್ ಮಾದರಿಯ ಪೈಪ್ ಥ್ರೆಡ್ಡಿನಲ್ಲಿ ಹೊರ ವ್ಯಾಸ ಹೀಗಿರುತ್ತದೆ: 1/8 ಅಂದರೆ 9.73 ಎಂಎಂ, 1/4 ಅಂದರೆ 13.16, 3/8 ಅಂದರೆ 16.66, 1/2 ಅಂದರೆ 20.96. ನಿಮ್ಮದು 13 ಬಂದಿದೆ, ಅಂದರೆ 1/4.

ಆದರೆ ಬಿಎಸ್‌ಪಿಯೋ ಎನ್‌ಪಿಟಿಯೋ ನೋಡಿಕೊಳ್ಳಿ. ನಮ್ಮ ಕಡೆ ಸಿಗುವ ಫಿಟ್ಟಿಂಗ್ ಬಹುತೇಕ ಬಿಎಸ್‌ಪಿ. ಅಮೆರಿಕದ ಮಾದರಿಯ ಯಂತ್ರಗಳಿಗೆ ಎನ್‌ಪಿಟಿ ಇರುತ್ತದೆ. 1/4 ಬಿಎಸ್‌ಪಿಗೆ ಇಂಚಿಗೆ 19 ಸುತ್ತು, 55 ಡಿಗ್ರಿ ಕೋನ. 1/4 ಎನ್‌ಪಿಟಿಗೆ ಇಂಚಿಗೆ 18 ಸುತ್ತು, 60 ಡಿಗ್ರಿ. ಒಂದು ಸುತ್ತಿಗೆ ವ್ಯತ್ಯಾಸ 0.07 ಎಂಎಂ ಮಾತ್ರ, ಸ್ಕೇಲಿನಲ್ಲಿ ಅಳೆದರೆ ಕಾಣುವುದಿಲ್ಲ. ತೆಗೆದ ಹಿತ್ತಾಳೆ ತುಂಡನ್ನು ಗೊತ್ತಿರುವ ಬಿಎಸ್‌ಪಿ ನಿಪ್ಪಲ್ಲಿನ ಥ್ರೆಡ್ಡಿಗೆ ಬೆನ್ನಿಗೆ ಬೆನ್ನು ಹೊಂದಿಸಿ ಬೆಳಕಿಗೆ ಹಿಡಿಯಿರಿ. ಆರು ಹಲ್ಲು ಸಂದಿಯಿಲ್ಲದೆ ಕೂತರೆ ಬಿಎಸ್‌ಪಿ. ಒಂದು ತುದಿ ಕೂತು ಇನ್ನೊಂದು ತುದಿಯಲ್ಲಿ ಬೆಳಕು ಕಂಡರೆ ಅಲ್ಲ. ಬುಶ್ಶಿನಲ್ಲೂ ಪರೀಕ್ಷಿಸಬಹುದು: ಸೋರಿಕೆ ತಡೆಯುವ ಟೆಫ್ಲಾನ್ ಟೇಪ್ ಸುತ್ತದ ನಿಪ್ಪಲ್ ಬರಿಗೈಯಲ್ಲಿ ನಾಲ್ಕೈದು ಸುತ್ತು ಸಲೀಸಾಗಿ ಹೋದರೆ ಸರಿ. ಎರಡು ಮೂರು ಸುತ್ತಿಗೆ ಕಚ್ಚಿ ನಿಂತರೆ ಥ್ರೆಡ್ ಬೇರೆ ಅಥವಾ ಕೆಟ್ಟಿದೆ. ಆಗ ಪಾನಾ ಹಿಡಿದು ಒತ್ತಾಯ ಮಾಡಿದರೆ ಹೋಗುತ್ತದೆ, ಟೇಪಿನಿಂದ ಸೋರಿಕೆಯೂ ಒಂದಷ್ಟು ದಿನ ಮುಚ್ಚುತ್ತದೆ, ಆದರೆ ಹಿಡಿತ ಒಂದೆರಡು ಹಲ್ಲಿನದು ಮಾತ್ರ. ಒತ್ತಡದ ಪಾತ್ರೆಗೆ ಅದು ಸಲ್ಲದು.

ಜಮಖಂಡಿ_ಸ್ಪ್ರೇ

ತುಂಡ ಬಂತ್ರೀ. ಬೂದು ಪುಡಿ ಕಂಡಲ್ಲೇ ನಿಲ್ಲಿಸಿದೆ, ಎರಡ್ನೇ ಗೆರಿಗೆ ಮಡಚಿ ಬಂತು. ಬಂದ ಕೂಡ್ಲೆ ಟಾಕಿಯಿಂದ ಕಪ್ಪುಗೆಂಪು ನೀರು ಅರ್ಧಾ ಲೀಟರ್, ಅದರಾಗ ಜಂಗಿನ ಹಕ್ಕಳಿ. ನಿಪ್ಪಲ್ ಹಚ್ಚಿ ನೋಡಿದೆ, ಮೊದಲ್ನೇ ಸುತ್ತಿಗೇ ಕಚ್ಚತೈತಿ. ಹೊರಗಿನ ಎರಡ ಹಲ್ಲು ಚಪ್ಪಟಿ ಆಗ್ಯಾವ, ಒಳಗಿನವು ಚಲೋ ಕಾಣತಾವ. ಎಂ-ಸೀಲ್ ಹಚ್ಚಿ ಕೂಡಿಸಿದ್ರ ಹ್ಯಾಂಗ? ಇಲ್ಲಾ ವೆಲ್ಡ್ ಅಂಗಡಿಗೆ ಒಯ್ದು ಹೊಸಾ ಬುಶ್ ಹಾಕಸ್ಲಾ?

ಉದ್ಯಮಬಾಗ_ಟರ್ನರ್

ಎರಡೂ ಬ್ಯಾಡ. ಎಂ-ಸೀಲ್, ಅರಾಲ್ಡೈಟ್ ಇವು ಸಂದಿ ಮುಚ್ಚೂ ಸಾಮಾನು, ಹಿಡಕೊಳ್ಳೂವಲ್ಲ. ಟಾಕಿ ಒಂದ ದಿನಕ್ಕ ಹತ್ತು ಸಲ ತುಂಬಿ ಇಳೀತೈತಿ, ಬಿಸಿ ಆಗಿ ತಣ್ಣಗಾಗತೈತಿ, ಮೋಟರಿನ ನಡುಗು ಬ್ಯಾರೆ. ಎಪಾಕ್ಸಿ ಅಂಚಿನಿಂದ ಬಿಡಾಕ ಚಾಲೂ ಮಾಡತೈತಿ. ವೆಲ್ಡ್ ಅಂತೂ ಬೇಡವೇ ಬೇಡ. ಟಾಕಿ ತಗಡಿನ ಮ್ಯಾಲ ಹೊಸಾ ವೆಲ್ಡ್ ಆದ್ರ ಅದನ್ನ ನೀರ ತುಂಬಿ ಒತ್ತಡ ಪರೀಕ್ಷೆ ಮಾಡದ ವಾಪರ್ಸಾಕ ಬರೂದಿಲ್ಲ. ಮೂಲಿ ಅಂಗಡಿಯಾಗ ಆ ಪರೀಕ್ಷೆ ಮಾಡೂದಿಲ್ಲ.

ನಿಮ್ಮದಕ್ಕ ಅಷ್ಟೆಲ್ಲಾ ಬೇಕಿಲ್ಲ. 1/4 ಬಿಎಸ್‌ಪಿ ಟ್ಯಾಪ್ (ತೂತಿನ ಒಳಗ ಥ್ರೆಡ್ ಕಡಿಯೂ ಉಪಕರಣ) ಹೊಡದ್ರ ಸಾಕು. ಟ್ಯಾಪಿನ ಉದ್ದುದ್ದ ಗೀರುಗಳಿಗೆ ಗ್ರೀಸ್ ತುಂಬ್ರಿ, ಪುಡಿ ಅದಕ್ಕ ಅಂಟಿಕೊಂಡು ಹೊರಗ ಬರತೈತಿ. ಟ್ಯಾಪ್ ಪೂರಾ ನೆಟ್ಟಗ ಹಿಡದು ಬರಿಗೈಲೆ ಒಳಗಿನ ಚಲೋ ಹಲ್ಲು ಸಿಗೂ ತನಕ ತಿರಗಸ್ರಿ. ಇದು ಮುಖ್ಯ, ಯಾಕಂದ್ರ ಹೊರಗಿನ ಚಪ್ಪಟಿ ಹಲ್ಲಿನಾಗ ಟ್ಯಾಪ್ ತಾನೇ ಹೊಸಾ ದಾರಿ ಮಾಡ್ಕೊಂಡ್ರ ಥ್ರೆಡ್ ಅಡ್ಡ ಬೀಳತೈತಿ. ಸಿಕ್ಕ ಮ್ಯಾಲ ಅರ್ಧಾ ಸುತ್ತು ಮುಂದ, ಕಾಲ ಸುತ್ತು ಹಿಂದ. ಇಲ್ಲಿ ಹೊಸದಾಗಿ ಕೊರಿಯೂದಿಲ್ಲ, ಹಳೇದು ನೆಟ್ಟಗ ಮಾಡೂದು ಅಷ್ಟ. ಕೈಗೆ ಭಾರ ಅನಿಸ್ತಂದ್ರ ಏನೋ ತಪ್ಪೈತಿ, ಹೊರಗ ತಗದು ಒರಸಿ ಮತ್ತ ಹಚ್ರಿ.

ಕಡೀಗೆ ಕನಿಷ್ಠ ಐದು ಪೂರಾ ಹಲ್ಲು ಸಿಗಬೇಕು. ಸಿಗಲಿಲ್ಲಂದ್ರ ಮುಂದಿನ ದಾರಿ 3/8ಕ್ಕ ದೊಡ್ಡದ ಮಾಡೂದು: 15.25 ಎಂಎಂ ಡ್ರಿಲ್, 3/8 ಬಿಎಸ್‌ಪಿ ಟ್ಯಾಪ್, ಅದರಾಗ 3/8 ರಿಂದ 1/4 ರಿಡ್ಯೂಸರ್ ಬುಶ್. ನಿಮ್ಮ ಬುಶ್ 25 ಎಂಎಂ ಐತಿ, 16.66 ಹೋದ್ರ ಒಂದೊಂದ ಬಾಜೂ 4 ಎಂಎಂ ಗ್ವಾಡಿ ಉಳೀತೈತಿ, ನಡೀತೈತಿ. 24ಕ್ಕಿಂತ ಕಡಿಮಿ ಇದ್ದವ್ರು ಈ ಕೆಲಸಾ ಮಾಡಬ್ಯಾಡ್ರಿ. ಮಾಡೂವ್ರೂ ಕೈ ಡ್ರಿಲ್ಲಿಲೆ ಬ್ಯಾಡ, ಟಾಕಿ ಬಿಚ್ಚಿ ರೇಡಿಯಲ್ ಡ್ರಿಲ್ ಇರೂ ಮಷಿನ್ ಶಾಪಿಗೆ ಒಯ್ರಿ. ಬೆಳಗಾವಿ ಉದ್ಯಮಬಾಗದಾಗ ಅಂಥ ಶಾಪು ಸಾಲಾಗಿ ಅವ.

ಖಾನಾಪುರ_ಮಳಿ

ಅರ್ಧಾ ಲೀಟರ್ ನೀರು, ಜಂಗಿನ ಹಕ್ಕಳಿ ಅಂದ್ರಲ್ಲ, ವಾಲ್ವ್ ಹಾಕೂ ಮೊದ್ಲ ಟಾಕಿ ಒಳಗ ನೋಡ್ರಿ. ಮೊಬೈಲಿಗೆ ಹಚ್ಚೂ 5.5 ಎಂಎಂ ಇಲ್ಲಾ 7 ಎಂಎಂ ಕ್ಯಾಮೆರಾ ವೈರ್ ಈ ತೂತಿನಾಗ ಸಲೀಸ ಹೋಗತೈತಿ. ತಳದ ನಡು ಗೆರಿ ನೋಡ್ರಿ, ಬುಶ್ಶಿನ ವೆಲ್ಡಿನ ಸುತ್ತ ನೋಡ್ರಿ, ಗಾಲಿ ಕಾಲಿನ ವೆಲ್ಡ್ ಇರೂ ಜಾಗಾ ಒಳಗಿನಿಂದ ನೋಡ್ರಿ. ಮ್ಯಾಲ ಮ್ಯಾಲ ಕೆಂಪು ಪುಡಿ ಇದ್ರ ಹೆದರಿಕಿಲ್ಲ. ಪದರ ಎದ್ದಿದ್ರ, ಸಾಸಿವಿ ಕಾಳಿನಷ್ಟ ತಗ್ಗು ಗುಂಪಿಗೆ ಗುಂಪು ಕಂಡ್ರ, ಆ ಟಾಕಿ ಗುಜರಿಗೆ. ಹೊರಗಿನಿಂದ ಪೇಂಟ್ ಉಬ್ಬಿದ ಜಾಗಾನೂ ಕೆರದು ನೋಡ್ರಿ.

ಇಳಕಲ್ಲ_ಪಾಲಿಶ್

ಬತ್ತಿ ಮಾತು ಹಿಂದಕ್ಕ ತೊಗೊಂಡೆ, ಎಣ್ಣಿ ಆವಿ ವಿಚಾರ ಮಾಡಿರಲಿಲ್ಲ. ಜಂಗು ತಗಿಯಾಕ ಲಿಂಬಿ ಉಪ್ಪು ಬಿಸಿ ನೀರಾಗ ಕಲಿಸಿ ಹಾಕಿದ್ರ ಹ್ಯಾಂಗ? ಉಕ್ಕು ಬೆಳ್ಳಗಾಗತೈತಿ.

ನವನಗರ_ಡ್ರಾಯಿಂಗ್

ಬೇಡ ಅಣ್ಣಾರೆ. ಬೆಳ್ಳಗಾಗುತ್ತದೆ ನಿಜ, ಆದರೆ ಆಮ್ಲ ತುಕ್ಕು ತಿಂದ ಮೇಲೆ ಉಕ್ಕನ್ನೂ ತಿನ್ನುತ್ತದೆ. ಟಾಕಿಯ ಗೋಡೆ ಎಷ್ಟು ಉಳಿದಿದೆ ಎಂದು ಅಳೆಯುವ ಸಾಧನ ಮನೆಯಲ್ಲಿ ಇಲ್ಲ. ವೆಲ್ಡಿನ ಸಂದಿಯಲ್ಲಿ ಸಿಕ್ಕ ಆಮ್ಲ ತೊಳೆದರೂ ಹೋಗುವುದಿಲ್ಲ. ತೊಳೆದು ಮುಗಿಸುವಷ್ಟರಲ್ಲಿ ಬರಿ ಉಕ್ಕಿಗೆ ಹೊಸ ತುಕ್ಕು ಹತ್ತಿರುತ್ತದೆ. ಬಿಸಿ ನೀರಿಗೆ ಪಾತ್ರೆ ತೊಳೆಯುವ ಸಾಬೂನು ಸ್ವಲ್ಪ ಹಾಕಿ ಎರಡು ಸಲ ಆಡಿಸಿ ಚೆಲ್ಲಿ, ಆಮೇಲೆ ಬಿಸಿಲಿಗೆ ಬಾಯಿ ತೆರೆದು ಇಟ್ಟರೆ ಸಾಕು. ಚೆಲ್ಲುವ ನೀರಿನಲ್ಲಿ ಎಣ್ಣೆ ಇರುತ್ತದೆ, ಗಟಾರಕ್ಕೆ ಬಿಡದೆ ಹಳೆ ಡಬ್ಬಿಗೆ ತುಂಬಿಡಿ.

ಟಾಕಿಯ ಬಲದ ಬಗ್ಗೆ ಅನುಮಾನ ಉಳಿದರೆ ಹೈಡ್ರೋ ಟೆಸ್ಟ್ ಮಾಡಿಸಿ. ಸೇಫ್ಟಿ ವಾಲ್ವ್, ಗೇಜ್, ಸ್ವಿಚ್ ಬಿಚ್ಚಿ, ಗಾಳಿ ಒಂದಿಷ್ಟೂ ಉಳಿಯದಂತೆ ನೀರು ತುಂಬಿ, ಕೈಪಂಪಿನಿಂದ ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸುತ್ತಾರೆ, ನಿಮ್ಮದಕ್ಕೆ 12 ಬಾರ್. ಟಾಕಿಯ ತಟ್ಟೆಯ ಮೇಲೆ ಟೆಸ್ಟ್ ಒತ್ತಡ ಹೊಡೆದಿದ್ದರೆ ಅದನ್ನೇ ಪಾಲಿಸಿ. ನೀರು ಕುಗ್ಗುವುದಿಲ್ಲವಾದ್ದರಿಂದ ಟಾಕಿ ಒಡೆದರೂ ಹನಿ ಚಿಮ್ಮಿ ನಿಲ್ಲುತ್ತದೆ. ಇದೇ ಪರೀಕ್ಷೆಯನ್ನು ಗಾಳಿ ತುಂಬಿ ಮಾಡಿದರೆ ಅದು ಬಾಂಬು.

ಗುಮ್ಮಟದ_ಊರು

ನೀರು ಇಷ್ಟ ಎಲ್ಲಿಂದ ಬರ್ತದ ಅಂತ ಕೇಳೋರ ಸಲುವಾಗಿ ಲೆಕ್ಕ ಹಾಕೀನಿ. ಬೆಳಗಾವಿ ಮಳಿಗಾಲ: 25 ಡಿಗ್ರಿ, ತೇವ 90. ಒಂದ ಘನ ಮೀಟರ್ ಹವಾದಾಗ ಸುಮಾರು 21 ಗ್ರಾಂ ನೀರ ಆವಿ ಇರ್ತದ. ಅದನ್ನ 8 ಬಾರ್‌ಗೆ ಒತ್ತಿದ್ರ ಜಾಗಾ ಒಂಬತ್ತನೇ ಪಾಲು ಆಗ್ತದ, ತಣ್ಣಗಾದ ಮ್ಯಾಲ ಅದರಾಗ 2.6 ಗ್ರಾಂ ಅಷ್ಟ ಹಿಡೀತದ. ಉಳಿದ 18 ಗ್ರಾಂ ಟಾಕಿ ತಳಕ್ಕ. ವಿಜಯಪುರ ಬ್ಯಾಸಗಿ: 40 ಡಿಗ್ರಿ, ತೇವ 20. ಆವಿ 10 ಗ್ರಾಂ, ಹಿಡಿಯೋದು 5.7, ತಳಕ್ಕ ಬೀಳೋದು 4.5. ಅಂದ್ರ ಒಂದೇ ಮಿಷನ್, ಒಂದೇ ಕೆಲಸ, ಬೆಳಗಾವಿ ಕಡೆ ನಾಲ್ಕು ಪಟ್ಟು ನೀರು. ನಿಮ್ಮ ಮಿಷನ್ ನಿಮಿಷಕ್ಕ 150 ಲೀಟರ್ ಎಳೀತದ ಅಂದ್ರ ಮಳಿಗಾಲದಾಗ ತಾಸಿಗೆ 9 ಘನ ಮೀಟರ್, 160 ಗ್ರಾಂ ನೀರು. ಒಂದಿಷ್ಟು ಆವಿ ಬಿಸಿ ಹವಾದ ಕೂಡ ಗನ್ನಿಗೆ ಹೋಗ್ತದ, ಪೇಂಟಿನ ಮ್ಯಾಲ ಮೀನಿನ ಕಣ್ಣಿನಂಥ ತೂತು ಬೀಳಲಿಕ್ಕೆ ಅದೂ ಒಂದ ಕಾರಣ.

ಹಿಂಗಾಗಿ ಮಳಿಗಾಲದಾಗ ದಿನಾ ಕೆಲಸ ಮುಗಿದ ಮ್ಯಾಲ ನೀರು ಬಿಡ್ರಿ. 8 ಬಾರ್ ಇದ್ದಾಗ ಬಾಲ್ ವಾಲ್ವ್ ಒಮ್ಮೆಗೇ ತಗದ್ರ ಪಿಯು ಪೈಪ್ ಹಾವಿನಂಗ ಬಡೀತದ. ಮೊದಲು 1-2 ಬಾರ್‌ಗೆ ಇಳಿಸಿ, ಪೈಪಿನ ತುದಿ ಡಬ್ಬಿಗೆ ಕಟ್ಟಿ, ಹಿಡಿಕಿ ಸಾವಕಾಶ ತಿರಗಸ್ರಿ.

ಜಮಖಂಡಿ_ಸ್ಪ್ರೇ

ಟ್ಯಾಪ್ ಹೊಡದೆ, ಏಳು ಹಲ್ಲು ಸಿಕ್ಕಾವ. ಕ್ಯಾಮೆರಾ ಹಾಕಿದೆ, ಕೆಂಪು ಪುಡಿ ಐತಿ, ಪದರ ತಗ್ಗು ಇಲ್ಲ. ತೊಳದು ಎರಡ ದಿನಾ ಬಿಸಿಲಿಗೆ ಇಟ್ಟೀನಿ. ಟೇಪ್ ಎಷ್ಟ ಸುತ್ತು ಸುತ್ತೂದು?

ಉದ್ಯಮಬಾಗ_ಟರ್ನರ್

ಥ್ರೆಡ್ ಎರಡೂ ಕಡೆ ಪೆಟ್ರೋಲ್ ಇಲ್ಲಾ ಥಿನ್ನರಿಲೆ ಒರಸಿ ಎಣ್ಣಿ ತಗೀರಿ. ನಿಪ್ಪಲ್ ಬಾಯಿ ನಿಮ್ಮ ಕಡೆ ಮಾಡಿ ಹಿಡದು ಟೇಪ್ ಗಡಿಯಾರದ ಮುಳ್ಳು ತಿರಗೂ ಕಡೆ ಸುತ್ತ್ರಿ. ಉಲ್ಟಾ ಸುತ್ತಿದ್ರ ಬಿಗಿಯೂವಾಗ ಬಿಚ್ಚಿ ಮುದ್ದಿ ಆಗತೈತಿ. ಮೊದಲ್ನೇ ಹಲ್ಲು ಬಿಟ್ಟು ಸುರು ಮಾಡ್ರಿ, ಇಲ್ಲಂದ್ರ ಟೇಪಿನ ಎಳಿ ಹರದು ಬಾಲ್ ವಾಲ್ವಿನಾಗ ಸಿಗತೈತಿ. ಪ್ಲಂಬಿಂಗ್ ಅಂಗಡಿ ತೆಳು ಟೇಪ್ ಇದ್ರ ಆರೇಳು ಸುತ್ತು, ದಪ್ಪಂದು ಇದ್ರ ಮೂರು ನಾಕು. ಸುತ್ತುವಾಗ ಟೇಪ್ ಎಳದ ಹಿಡೀರಿ, ಹಲ್ಲಿನ ಆಕಾರ ಮ್ಯಾಲ ಕಾಣಬೇಕು.

ಬರಿಗೈಲೆ ನಿಂತ ಮ್ಯಾಲ ಪಾನಾದಿಂದ ಒಂದೂವರಿ, ಹೆಚ್ಚಂದ್ರ ಎರಡ ಸುತ್ತು. ಎಲ್ಬೋ ಬಾಯಿ ಬೇಕಾದ ದಿಕ್ಕಿಗೆ ಬರಲಿಲ್ಲಂದ್ರ ಇನ್ನಷ್ಟ ಬಿಗೀರಿ ಇಲ್ಲಾ ಬಿಚ್ಚಿ ಟೇಪ್ ಹೊಸಾದು ಸುತ್ತ್ರಿ. ಹಿಂದಕ್ಕ ತಿರಗಿಸಿ ದಿಕ್ಕು ಸರಿ ಮಾಡಿದ್ರ ಸೋರತೈತಿ. ಟೇಪ್ ಬದಲಿ ಲಾಕ್‌ಟೈಟ್ 542 ಇಲ್ಲಾ 577 ನಂಥಾ ಥ್ರೆಡ್ ಸೀಲಂಟ್ ಹಾಕಿದ್ರ ದಿಕ್ಕು ಹೊಂದಿಸಾಕ ಸಸಾರ, ಖರೆ ಪೂರಾ ಗಟ್ಟಿ ಆಗಾಕ 24 ತಾಸು ಬಿಡ್ರಿ. ಎರಡೂ ಕೂಡಿಸಿ ಹಾಕಬ್ಯಾಡ್ರಿ. ಬಿಗಿಯೂವಾಗ ಬಾಲ್ ವಾಲ್ವಿನ ಹಿಡಿಕಿ ಕಡೆ ಪಾನಾ ಹಚ್ಚಬ್ಯಾಡ್ರಿ, ಬಿಗಿಯೂ ಥ್ರೆಡ್ ಬಾಜೂಕಿನ ಷಟ್ಕೋನ ಹಿಡೀರಿ.

ಆಮ್ಯಾಲ 2 ಬಾರ್‌ಗೆ ನಿಲ್ಲಿಸಿ ಸಾಬಾಣ ನೀರು, 4ಕ್ಕ ಒಮ್ಮೆ, 8ಕ್ಕ ಒಮ್ಮೆ. ಸೋರಿದ್ರ ಹವಾ ತುಂಬಿದ್ದಾಗ ಬಿಗೀಬ್ಯಾಡ್ರಿ, ಖಾಲಿ ಮಾಡಿ ಬಿಗೀರಿ.

ಜಮಖಂಡಿ_ಸ್ಪ್ರೇ

ಮೂರೂ ಸಲ ಗುಳ್ಳಿ ಇಲ್ಲ. ಆದ್ರ 8 ಬಾರ್ ತುಂಬಿ ಪ್ಲಗ್ ಕಿತ್ತು ಇಟ್ಟೆ, ಒಂದ ತಾಸಿನಾಗ 7.3ಕ್ಕ ಇಳದೈತಿ. ಎಲ್ಲಿ ಹೋತು?

ನವನಗರ_ಡ್ರಾಯಿಂಗ್

ಎಲ್ಲಿಗೂ ಹೋಗಿಲ್ಲ. ತುಂಬಿದಾಗ ಟಾಕಿಯೊಳಗಿನ ಗಾಳಿ ಬಿಸಿ. 60 ಡಿಗ್ರಿಯಿಂದ 30ಕ್ಕೆ ಇಳಿದರೆ, ಒಂದು ಹನಿ ಗಾಳಿಯೂ ಸೋರದೆ, ಗೇಜ್ 8 ರಿಂದ 7.2ಕ್ಕೆ ಇಳಿಯುತ್ತದೆ. ಈಗ ತಣ್ಣಗಾಗಿರುವ 7.3 ಅನ್ನು ಬರೆದಿಟ್ಟುಕೊಂಡು ನಾಳೆ ಬೆಳಿಗ್ಗೆ ಇದೇ ತಂಪು ಹೊತ್ತಿನಲ್ಲಿ ನೋಡಿ.

ಜಮಖಂಡಿ_ಸ್ಪ್ರೇ

ಮುಂಜಾನೆ 7.2 ಐತ್ರಿ ಅಕ್ಕಾರ.

ಖಾನಾಪುರ_ಮಳಿ

ಚಲೋ ಆತು. ಇನ್ನೊಂದ ಕೆಲಸಾ ಉಳದೈತಿ. ಬುಶ್ ವೆಲ್ಡ್ ಮಾಡೂವಾಗ ಒಳಗ ನಾಕೈದ ಎಂಎಂ ಚಾಚಿರತೈತಿ, ಆ ಎತ್ತರದ ತನಕ ನೀರು ಹೊರಗ ಬರೂದ ಇಲ್ಲ. ಕ್ಯಾಮೆರಾದಾಗ ಬುಶ್ಶಿನ ಅಂಚು ತಳಕ್ಕಿಂತ ಎತ್ತರ ಕಂಡ್ರ, ನೀರು ಬಿಡೂವಾಗ ಡ್ರೇನ್ ಎದುರಿನ ಕಾಲಿಗೆ ಎರಡ ಇಂಚಿನ ಕಟಿಗಿ ತುಂಡ ಕೊಟ್ಟು ಟಾಕಿ ವಾರಿ ಮಾಡ್ರಿ. ಪೂರಾ ಬರಿಗಾಳಿ ಬರೂ ತನಕ ಬಿಟ್ಟು, ಬಂದ್ ಮಾಡಿ, ಐದ ನಿಮಿಷ ಬಿಟ್ಟು ಇನ್ನೊಮ್ಮೆ ತಗೀರಿ. ಗ್ವಾಡಿಗೆ ಹತ್ತಿದ್ದು ಇಳದು ಮತ್ತ ಒಂದ ಚಮಚಾ ಬರತೈತಿ.